ನಾಲ್ಕೂವರೆ ಬೆರಳಿನ ಬೀರು

ತುಂತುರಣ್ಣನ ಮನೆಯ ಮುಂಬಾಗಿಲು ಕಡೆಯ ಸಲ ಬಣ್ಣ ಕಂಡಿದ್ದು ಯಾವಾಗ ಎಂದು ಕೇಳಿದರೆ ಅವನ ಹೆಂಡತಿಗೂ ನೆನಪಿರಲಿಲ್ಲ. ಕಿಟಕಿಯ ಸರಳು ಮುಟ್ಟಿದರೆ ಕೈಗೆ ತುಕ್ಕು ಹತ್ತುತ್ತಿತ್ತು. ಅಡುಗೆಮನೆಯ ಕಪಾಟು ಒಂದು ಕಾಲಕ್ಕೆ ಹಸಿರಾಗಿತ್ತು ಎಂಬುದಕ್ಕೆ ಅದರ ಒಂದು ಮೂಲೆಯಲ್ಲಿ ಮಾತ್ರ ಸಾಕ್ಷಿ ಉಳಿದಿತ್ತು. ಆದರೆ ಅವನು ಬಣ್ಣ ಹೊಡೆಯುವ ಕಾರ್ಖಾನೆಯಿಂದ ಅವನ ಕೈ ದಾಟಿ ಹೋದ ಕಬ್ಬಿಣದ ಬೀರುಗಳು ಊರಿನ ಅರ್ಧ ಮನೆಗಳಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತ ನಿಂತಿದ್ದವು. ಹೆಂಡತಿ ಇದನ್ನು ಎತ್ತಿ ಆಡಿದಾಗಲೆಲ್ಲ ಅವನದು ಒಂದೇ ಉತ್ತರ.

"ಹೋಟ್ಲಲ್ಲಿ ಅಡುಗೆ ಮಾಡೋನು ಮನೇಲೂ ಸೌಟು ಹಿಡೀತಾನೇನೇ?"

"ಸೌಟು ಹಿಡೀದೇ ಇರಬಹುದು. ಸೌಟನ್ನ ಮನೆಗೆ ಎತ್ಕೊಂಡು ಬಂದು ಪಕ್ಕದಲ್ಲಿ ಇಟ್ಕೊಂಡಂತೂ ಉಣ್ಣಲ್ಲ," ಎನ್ನುತ್ತಿದ್ದಳು ಅವಳು.

ಅವಳು ಹೇಳಿದ್ದರಲ್ಲಿ ಉಪ್ಪು ಖಾರ ಹಚ್ಚಿದ್ದೇನೂ ಇರಲಿಲ್ಲ. ತುಂತುರಣ್ಣ ದಿನಾ ಸಂಜೆ ತನ್ನ ಗನ್ನನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಗನ್ನು ಅದು. ತಲೆಯ ಮೇಲೆ ಬಣ್ಣದ ಬಟ್ಟಲು, ಹಿಡಿಯ ಕೆಳಗೆ ಕಂಪ್ರೆಸರಿನಿಂದ ಬಂದ ಗಾಳಿಯ ಪೈಪು, ಮುಂದೆ ಎರಡು ಪುಟ್ಟ ಕೊಂಬಿರುವ ಹಿತ್ತಾಳೆಯ ಮೂತಿ. ಊಟದ ಹೊತ್ತಿಗೆ ಅದು ಅವನ ಬಲಗಡೆ ಇರುತ್ತಿತ್ತು. ಹೆಂಡತಿ ಇರುತ್ತಿದ್ದದ್ದು ಎಡಗಡೆ. ಆ ಗನ್ನನ್ನು ಅವನು ಯಾರಿಗೂ ಕೊಟ್ಟವನಲ್ಲ. ಒಮ್ಮೆ ಓನರ್ ತಮಾಷೆಗೆ ಎತ್ತಿಕೊಂಡು ಟ್ರಿಗರ್ ಒತ್ತಿ ನೋಡಿದ್ದಕ್ಕೆ, ಎದುರು ಏನೂ ಅನ್ನಲಾಗದೆ, ಅವರು ಅತ್ತ ತಿರುಗಿದ ಕೂಡಲೇ ಒಂದೊಂದೂ ಭಾಗ ಬಿಚ್ಚಿ ತೊಳೆದಿದ್ದ.

ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ ಎಂಬುದನ್ನು ಅವನ ವೈರಿಗಳೂ ಒಪ್ಪುತ್ತಿದ್ದರು. ಬೆಳಿಗ್ಗೆ ಬಂದವನೇ ಕಂಪ್ರೆಸರಿನ ಹೊಟ್ಟೆಯಡಿಯ ನಲ್ಲಿ ತಿರುಗಿಸಿ ಒಳಗೆ ಕೂಡಿಕೊಂಡ ನೀರನ್ನು ಬಸಿದು ಹಾಕುತ್ತಿದ್ದ. ಬಣ್ಣವನ್ನು ಹಳೆಯ ನೈಲಾನ್ ಬಟ್ಟೆಯಲ್ಲಿ ಸೋಸುತ್ತಿದ್ದ. ತಗಡಿಗೂ ಗನ್ನಿಗೂ ನಡುವೆ ಒಂದು ಗೇಣು. ಹತ್ತಿರ ಹೋದರೆ ಬಣ್ಣ ಸೋರಿ ಇಳಿಯುತ್ತದೆ, ದೂರ ನಿಂತರೆ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಮಣಿಕಟ್ಟು ಬಳುಕಿಸದೆ ಇಡೀ ತೋಳನ್ನೇ ಈ ತುದಿಯಿಂದ ಆ ತುದಿಗೆ ಸಾಗಿಸಬೇಕು, ಒಂದು ಪಟ್ಟೆಯ ಅರ್ಧವನ್ನು ಮುಂದಿನ ಪಟ್ಟೆ ಮುಚ್ಚಬೇಕು. ಅವನು ಹೊಡೆಯುವಾಗ ಆಚೆ ಕಡೆಯ ವೆಲ್ಡರ್ ಕೂಡ ಕೆಲಸ ಬಿಟ್ಟು ಬಾಗಿಲ ಸಂದಿಯಿಂದ ನೋಡುತ್ತಿದ್ದ. ಯಾರೋ ನಿಂತು ನೋಡುತ್ತಿದ್ದಾರೆ ಎಂದು ತುಂತುರಣ್ಣನಿಗೂ ಗೊತ್ತಿರುತ್ತಿತ್ತು, ಆಗ ತೋಳು ಇನ್ನೂ ಸ್ವಲ್ಪ ನಿಧಾನವಾಗಿ ಸಾಗುತ್ತಿತ್ತು.

ಕೆಲಸ ಮುಗಿದ ಮೇಲೆ ಗನ್ನಿನ ಆರೈಕೆ. ಉಳಿದ ಬಣ್ಣ ಚೆಲ್ಲಿ, ಥಿನ್ನರ್ ಹಾಕಿ ಚಿಮ್ಮಿಸಿ, ಮೂತಿಯನ್ನು ಬಿಚ್ಚಿ ಅದನ್ನಷ್ಟೇ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಸಣ್ಣ ತೂತುಗಳಿಗೆ ಹಲ್ಲುಕಡ್ಡಿ ಬಿಟ್ಟರೆ ಬೇರೇನೂ ಸೋಕಬಾರದು. ತಂತಿ ತೂರಿಸುವವರನ್ನೂ, ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಟ್ಟು ಒಳಗಿನ ವಾಷರ್ ಕೊಳೆಸುವವರನ್ನೂ ಅವನು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಂದು ದಿನ ಓನರ್ ಕಾರಿನ ಡ್ರೈವರ್ ಒಂದು ಬಾಟಲಿಯ ಹಾಲಿನಂಥ ದ್ರವವನ್ನು ಬಟ್ಟೆಗೆ ಸುರಿದುಕೊಂಡು ಕಾರಿನ ಒಳಭಾಗವನ್ನೆಲ್ಲ ಒರೆಸುತ್ತಿದ್ದುದನ್ನು ತುಂತುರಣ್ಣ ನೋಡಿದ. ಒರೆಸಿದಲ್ಲೆಲ್ಲ ಹಳೆಯ ಪ್ಲಾಸ್ಟಿಕ್ಕು ಈಗಷ್ಟೇ ಸ್ನಾನ ಮಾಡಿ ಬಂದ ಹಾಗೆ ಕಾಣುತ್ತಿತ್ತು. ಅವನ ಕಣ್ಣು ಅದರ ಮೇಲೆ ಬಿತ್ತು. ಮರುದಿನವೇ ಕಾರಿನ ಸಾಮಾನಿನ ಅಂಗಡಿಯಿಂದ ತಾನೂ ಒಂದು ಬಾಟಲಿ ತಂದ. ಅಂದಿನಿಂದ ಗನ್ನಿಗೆ ಹೊಸ ಉಪಚಾರ ಶುರುವಾಯಿತು. ಸಂಜೆ ತೊಳೆದ ಮೇಲೆ ಒಂದು ಸಲ, ಬೆಳಿಗ್ಗೆ ಬಣ್ಣ ಹೊಡೆಯುವ ಮುಂಚೆ ಒಂದು ಸಲ, ಅಂಗೈಗೇ ಹಾಕಿಕೊಂಡು ಗನ್ನಿನ ಮೈಯನ್ನೆಲ್ಲ ತಿಕ್ಕುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇದಂತೂ ಹೆಗ್ಗಣವೂ ಅಲ್ಲ, ನಿಜಕ್ಕೂ ನೋಡಲು ಚೆಂದವಾಗಿಯೇ ಇತ್ತು.

ಬಣ್ಣ ಹೊಡೆಯುವ ಮುಂಚಿನ ಕೆಲಸಗಳೆಲ್ಲ ಅವನ ಭಾಮೈದನದು. ಹೆಂಡತಿಯ ಒಬ್ಬನೇ ತಮ್ಮ ಅವನು, ಅಪ್ಪ ಅಮ್ಮ ಹೋದ ಮೇಲೆ ಅಕ್ಕನೇ ಅನ್ನ ಹಾಕಿ ಬೆಳೆಸಿದವನು. ತಗಡಿನ ತಗ್ಗುಗಳಿಗೆ ಪುಟ್ಟಿ ತುಂಬಿ, ಮರಳು ಕಾಗದದಲ್ಲಿ ಉಜ್ಜಿ, ಕೊನೆಗೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಒಳ್ಳೆಯ ಗನ್ನು ಭಾವನದಾದ್ದರಿಂದ ಬೀರುಗಳ ಒಳಭಾಗಕ್ಕೆ ಅವನೇ ಇನ್ನೊಂದು ಹಳೆಯ ಗನ್ನಿನಲ್ಲಿ ಬಣ್ಣ ಹೊಡೆಯುತ್ತಿದ್ದ. ಆ ಗನ್ನಿನ ಮೇಲೆ ಎಷ್ಟೋ ವರ್ಷಗಳ ಬಣ್ಣ ಹೆಪ್ಪುಗಟ್ಟಿ, ಅದರ ಮೂಲ ಲೋಹ ಯಾವುದೆಂದು ಹೇಳುವುದೂ ಕಷ್ಟವಾಗಿತ್ತು.

ಭಾಮೈದ ಒರೆಸಿ ನಿಲ್ಲಿಸಿದ ಬಾಗಿಲನ್ನು ತುಂತುರಣ್ಣ ಹಾಗೇ ನಂಬುತ್ತಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಮ್ಮೆ ತನ್ನ ಬಲ ಅಂಗೈ ಆಡಿಸಿ ನೋಡುತ್ತಿದ್ದ. ಆ ಕೈಯ ಉಂಗುರದ ಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ತಗಡು ಕತ್ತರಿಸುವ ಯಂತ್ರ ಉಳಿದರ್ಧವನ್ನು ಇಟ್ಟುಕೊಂಡಿತ್ತು.

"ಬಟ್ಟೆ ಸುಳ್ಳು ಹೇಳುತ್ತೆ ಕಣೋ, ಅಂಗೈ ಹೇಳಲ್ಲ," ಎಂದು ಅವನು ಭಾಮೈದನಿಗೆ ಆಗಾಗ ಪಾಠ ಮಾಡುತ್ತಿದ್ದ.

ಹೊಸ ಉಪಚಾರ ಶುರುವಾದ ಸ್ವಲ್ಪ ದಿನಕ್ಕೆ ಬೀರುಗಳಲ್ಲಿ ಕಣ್ಣು ಏಳತೊಡಗಿತು. ಕಣ್ಣು ಎಂದರೆ, ಹೊಡೆದ ಬಣ್ಣ ಹಸಿಯಾಗಿರುವಾಗಲೇ ಅಲ್ಲಲ್ಲಿ ಹಿಂದೆ ಸರಿದು, ಸಾಸಿವೆಯಷ್ಟು ಗುಂಡನೆಯ ಗುಳಿ ಬಿದ್ದು, ಅದರೊಳಗಿಂದ ಅಡಿಯ ಪದರ ಇಣುಕಿ ನೋಡುತ್ತದೆ. ಜಿಡ್ಡು ಇದ್ದ ಕಡೆ ಬಣ್ಣ ಕೂರಲು ಒಪ್ಪುವುದಿಲ್ಲ, ಅಷ್ಟೇ ಸಂಗತಿ. ಅದನ್ನು ಉಜ್ಜಿ ತೆಗೆದು ಮತ್ತೆ ಹೊಡೆಯಬೇಕು. ಮತ್ತೆ ಹೊಡೆಯುವ ಮುಂಚೆ ತುಂತುರಣ್ಣ ಇನ್ನೊಮ್ಮೆ ಗನ್ನು ತಿಕ್ಕುತ್ತಿದ್ದ, ಇನ್ನೊಮ್ಮೆ ಅಂಗೈ ಆಡಿಸುತ್ತಿದ್ದ. ಕಣ್ಣುಗಳು ಮೊದಲಿಗಿಂತ ಹೆಚ್ಚಾಗಿ ಏಳುತ್ತಿದ್ದವು.

ತಪ್ಪು ಎಲ್ಲಿದೆ ಎಂದು ಅವನು ಹುಡುಕಲಿಲ್ಲ ಎನ್ನುವಂತಿಲ್ಲ. ತನ್ನನ್ನೊಂದು ಬಿಟ್ಟು ಎಲ್ಲ ಕಡೆ ಹುಡುಕಿದ. ಮೊದಲು ಕಂಪ್ರೆಸರಿನ ಮೇಲೆ ಅನುಮಾನ ಬಂತು, ಅದರ ಎಣ್ಣೆ ಗಾಳಿಗೆ ಸೇರುತ್ತಿದೆ ಎಂದು ಮೆಕ್ಯಾನಿಕ್ಕನ್ನು ಕರೆಸಿದ. ಬಿಳಿ ಕಾಗದಕ್ಕೆ ಗಾಳಿ ಬಿಟ್ಟು ನೋಡಿದರೆ ಕಾಗದ ಬಿಳಿಯಾಗಿಯೇ ಇತ್ತು. ಆಮೇಲೆ ಥಿನ್ನರ್ ಮಾರುವವನ ಜೊತೆ ಜಗಳ ಕಾದ. ಆಮೇಲೆ ವೆಲ್ಡರ್ ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು ಕರಿದ ತಿಂಡಿ ತಿನ್ನದಂತೆ ತಡೆದ.

"ನಾನು ಅಲ್ಲಿ ತಿಂದ್ರೆ ನಿನ್ನ ಬೀರುಗೆ ಜಿಡ್ಡು ಹತ್ತೋದಾದ್ರೆ, ನೀನು ಇಲ್ಲಿ ಉಂಡ್ರೆ ನನ್ನ ಹೊಟ್ಟೆ ತುಂಬಬೇಕಿತ್ತಲ್ಲ ತುಂತುರಣ್ಣ," ಎಂದ ವೆಲ್ಡರ್.

ಅಂಗಡಿಯವರು ಬೀರು ವಾಪಸು ಕಳಿಸತೊಡಗಿದಾಗ ಓನರ್ ಬಂದು ನಿಂತು, "ಏನಪ್ಪಾ ಇದು, ಬೀರು ಕೊಂಡೋರನ್ನ ಬೀರೇ ನೋಡ್ತಾ ಇದೆ," ಎಂದರು. ನಗುತ್ತಲೇ ಅಂದರು. ಓನರ್ ನಗುತ್ತ ಅಂದ ಮಾತು ಬೈದದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಅಂದು ಸಂಜೆ ತುಂತುರಣ್ಣನ ಕಣ್ಣು ಭಾಮೈದನ ತಲೆಯ ಮೇಲೆ ಬಿತ್ತು.

ನೋಡುವಂಥ ತಲೆಯೇ ಅದು. ಭಾಮೈದನಿಗೆ ದಟ್ಟ ಗುಂಗುರು ಕೂದಲು, ಅದರ ಮೇಲೆ ಅವನಿಗೆ ಅಷ್ಟೇ ದಟ್ಟ ಅಭಿಮಾನ. ಬೆಳಿಗ್ಗೆ ಎಣ್ಣೆ ಹಚ್ಚಿ, ನೀರು ಚಿಮುಕಿಸಿ, ಹಣೆಯ ಮೇಲೆ ಒಂದು ಸುರುಳಿ ಇಳಿಬಿಟ್ಟೇ ಮನೆಯಿಂದ ಹೊರಡುತ್ತಿದ್ದ. ಅವನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ಮೆಚ್ಚಿದ್ದು ಆ ಸುರುಳಿಯನ್ನು ನೋಡಿಯೇ ಎಂದು ಅವನ ನಂಬಿಕೆ.

"ನಿನ್ನ ತಲೆ ಎಣ್ಣೆ ಗಾಳೀಲಿ ಹಾರಿ ಬಾಗಿಲ ಮೇಲೆ ಕೂರ್ತಾ ಇದೆ," ಎಂದ ತುಂತುರಣ್ಣ.

"ಎಣ್ಣೆ ಹಾರುತ್ತಾ ಭಾವ?"

"ಬಣ್ಣ ಹಾರಲ್ವಾ? ಅದೂ ಹಾರುತ್ತೆ."

ಭಾಮೈದ ವಾದ ಮಾಡುವ ಪೈಕಿ ಅಲ್ಲ. ಎಣ್ಣೆ ಬಿಟ್ಟ, ದಿನಾ ಸೋಪು ಹಾಕಿ ತಲೆ ತೊಳೆದ, ಕೊನೆಗೆ ಕೆಲಸದ ಹೊತ್ತಿನಲ್ಲಿ ಪ್ಲಾಸ್ಟಿಕ್ ಚೀಲವನ್ನೇ ತಲೆಗೆ ಕಟ್ಟಿಕೊಂಡ. ಕಣ್ಣುಗಳು ಎದ್ದೇ ಏಳುತ್ತಿದ್ದವು. ಒಂದು ಮಧ್ಯಾಹ್ನ ಅವನು ಮೆಲ್ಲಗೆ ಒಂದು ಮಾತು ತೆಗೆದ.

"ಭಾವ, ಒಳಭಾಗಕ್ಕೆ ನಾನು ಹೊಡಿತೀನಲ್ಲ, ಅಲ್ಲಿ ಒಂದೂ ಕಣ್ಣು ಬರಲ್ಲ ನೋಡಿ. ಅದೇ ಬಣ್ಣ, ಅದೇ ಗಾಳಿ, ತಲೆಯೂ ಇದೇ."

"ಬೀರು ಒಳಗೆ ತಲೆ ಹಾಕಿ ಯಾರು ನೋಡ್ತಾರೋ?" ಎಂದ ತುಂತುರಣ್ಣ. ಉತ್ತರ ಕೈಗೆ ಬಂದು ಕೂತಿತ್ತು, ಅದನ್ನು ಅವನು ನೊಣ ಓಡಿಸುವ ಹಾಗೆ ಓಡಿಸಿದ.

ಅದಾದ ಮೇಲೆ ಭಾಮೈದ ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ಒಂದು ಬೆಳಿಗ್ಗೆ ತಲೆ ನುಣ್ಣಗೆ ಬೋಳಿಸಿಕೊಂಡು ಕಾರ್ಖಾನೆಗೆ ಬಂದ. ಗುರುತು ಸಿಗದೆ ವೆಲ್ಡರ್, "ಯಾರು ಬೇಕಾಗಿತ್ತು?" ಎಂದು ಕೇಳಿದ. ಭಾವನಿಗೆ ತನ್ನ ಮೇಲಿನ ಅನುಮಾನ ತೀರಲಿ, ಅಕ್ಕನ ಮನೆಯಲ್ಲಿ ಈ ವಿಷಯಕ್ಕೆ ದಿನಾ ಮಾತು ಬೆಳೆಯುವುದು ನಿಲ್ಲಲಿ ಎಂದು ಮಾಡಿದ ಕೆಲಸ ಅದು. ತಮ್ಮನ ತಲೆ ನೋಡಿ ಅಕ್ಕ ಅತ್ತಳು. ಮದುವೆಯ ಹುಡುಗಿ ಅಳಲಿಲ್ಲ, ಕೂದಲು ಬರುವವರೆಗೆ ಫೋಟೋ ತೆಗೆಸುವುದು ಬೇಡ ಎಂದಷ್ಟೇ ಹೇಳಿ ಕಳಿಸಿದಳು. ಆ ದಿನ ಹೊಡೆದ ಬೀರಿನಲ್ಲಿ ಹಿಂದೆಂದೂ ಕಾಣದಷ್ಟು ಕಣ್ಣುಗಳು ಎದ್ದವು. ಓನರ್ ಬರುತ್ತಾರೆಂದು ತುಂತುರಣ್ಣ ಗನ್ನನ್ನು ಬೇರೆ ದಿನಕ್ಕಿಂತ ಚೆನ್ನಾಗಿ ತಿಕ್ಕಿದ್ದ.

ಓನರ್ ಬಂದರು, ನೋಡಿದರು, ಈ ಸಲ ನಗಲಿಲ್ಲ. ಎಲ್ಲರೂ ಸುತ್ತ ನಿಂತಿದ್ದರು. ತುಂತುರಣ್ಣನ ಕಿವಿ ಬಿಸಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಎಮ್ಮೆ ಹತ್ತಿರದಲ್ಲಿ ನಿಂತಿದ್ದರೆ ಸಾಕು.

"ಇವನ ಮೈಯೇ ಜಿಡ್ಡಿನ ಮೈ ಸಾರ್," ಎಂದ. "ಕೂದಲು ಹೋದ್ರೂ ಜಿಡ್ಡು ಹೋಗಲಿಲ್ಲ. ಇವನು ಮುಟ್ಟಿದ್ದಕ್ಕೆ ಬಣ್ಣ ಹತ್ತಲ್ಲ."

ಭಾಮೈದ ಕೈಯಲ್ಲಿದ್ದ ಥಿನ್ನರ್ ಬಟ್ಟೆಯನ್ನು ಮಡಿಸಿ ಡಬ್ಬದ ಮೇಲಿಟ್ಟ. ಬೋಳು ತಲೆಯನ್ನು ಒಮ್ಮೆ ಸವರಿಕೊಂಡ, ಅಲ್ಲಿ ಏನೂ ಇರಲಿಲ್ಲ. "ಬರ್ತೀನಿ ಭಾವ," ಎಂದು ಹೇಳಿ ಹೊರಟುಹೋದ. ಆ ಸಂಜೆಯೇ ಸೇತುವೆಯಾಚೆ ಒಂದು ಕೋಣೆ ಹಿಡಿದು, ಅಲ್ಲಿನ ಇನ್ನೊಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಅಕ್ಕನ ಮನೆಯಲ್ಲಿ ಅವನ ತಟ್ಟೆ, ಅವನ ಚಾಪೆ ಹಾಗೇ ಉಳಿದವು.

ತುಂತುರಣ್ಣನ ಹೆಂಡತಿ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಜಗಳವಾಡಿ ಬಿಟ್ಟಿದ್ದರೆ ಅವನೂ ತನ್ನ ಪಾಲಿನದನ್ನು ಆಡಿ ಹಗುರಾಗುತ್ತಿದ್ದ. ಅವಳು ಹಾಗೆ ಮಾಡಲಿಲ್ಲ. ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಹೇಳಬೇಕಾದ್ದನ್ನು ಮಾತ್ರ ಅವನ ಬಲಗಡೆಯಿದ್ದ ಗನ್ನಿಗೆ ಹೇಳತೊಡಗಿದಳು.

"ಗ್ಯಾಸ್ ಮುಗಿದಿದೆಯಂತೆ, ನಿನ್ನ ಯಜಮಾನ್ರಿಗೆ ಹೇಳಪ್ಪ," ಎನ್ನುವಳು ಗನ್ನಿನ ಕಡೆ ನೋಡುತ್ತ.

ಮೊದಲ ವಾರ ಅವನಿಗೆ ನಗು ಬಂತು. ಆಮೇಲೆ ಬರಲಿಲ್ಲ. ಉಣ್ಣುವಾಗ ಎಡಗಡೆಯಿಂದ ಒಂದೂ ಮಾತು ಬರದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಗನ್ನನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದು ನೋಡಿದ. ಅವಳು ಗೋಡೆಗೆ ಹೇಳಿದಳು. ಇತ್ತ ಭಾಮೈದ ಹೋಗಿ ಅವನ ಜಾಗಕ್ಕೆ ದಿನಗೂಲಿಯವನೊಬ್ಬ ಬಂದ ಮೇಲೂ ಕಣ್ಣುಗಳು ಹೋಗಲಿಲ್ಲ. ಭಾಮೈದನ ತಲೆಯ ಜಿಡ್ಡು ಕೋಣೆಯ ಗೋಡೆಗೆ ಹತ್ತಿ ಉಳಿದಿದೆ ಎಂದು ಗೋಡೆಗೆಲ್ಲ ಸುಣ್ಣ ಹೊಡೆಸಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲ ಬಿಟ್ಟು ಗೋಡೆಗೆ ಬಂದಿದ್ದ. ಅವನಿಗೂ ಒಳಗೊಳಗೇ ಅಳುಕು ಶುರುವಾಗಿತ್ತು. ಅದನ್ನು ಹೊರಗೆ ಬಿಟ್ಟರೆ ಹುಡುಗನ ತಲೆಗೂ ಆಡಿದ ಮಾತಿಗೂ ಉತ್ತರ ಹೇಳಬೇಕಾಗುತ್ತದೆ, ಆದ್ದರಿಂದ ಬಿಡಲಿಲ್ಲ.

ಮದುವೆ ಹತ್ತಿರ ಬಂತು. ಭಾಮೈದ ಕರೆಯಲು ಬಂದದ್ದು ಭಾವ ಇಲ್ಲದ ಹೊತ್ತು ನೋಡಿ. ಅಂದು ರಾತ್ರಿ ಊಟ ಬಡಿಸಿ ಹೆಂಡತಿ ಎಡಗಡೆ ಕೂತಳು. ತಿಂಗಳುಗಳ ನಂತರ ಅವನ ಮುಖವನ್ನೇ ನೋಡಿ ಮಾತಾಡಿದಳು.

"ಅವನಿಗೆ ಒಂದು ಬೀರು ಕೊಡಬೇಕು. ಅಪ್ಪ ಅಮ್ಮ ಇಲ್ಲದ ಹುಡುಗ, ಹೊಸ ಸಂಸಾರ ಹೂಡ್ತಿದಾನೆ. ಅಂಗಡೀದು ಬೇಡ. ನೀವೇ ಹೊಡಿಬೇಕು, ಅವನು ಮುಟ್ಟದೆ ಇರೋ ಬಾಗಿಲಿಗೆ. ಒಂದೂ ಕಣ್ಣು ಇಲ್ಲದೆ ಹೊಡೆದು ತೋರಿಸಿ. ಅವನದೇ ತಪ್ಪು ಅಂತ ನಾನೂ ಒಪ್ಕೋತೀನಿ, ಇನ್ನು ಆ ಮಾತು ಎತ್ತಲ್ಲ. ಆಗಲಿಲ್ಲ ಅಂದ್ರೆ ನೀವೇ ಹೋಗಿ ಅವನನ್ನ ಮನೆಗೆ ಕರ್ಕೊಂಡು ಬರಬೇಕು."

"ಆಯ್ತು," ಎಂದ ತುಂತುರಣ್ಣ. ಇಷ್ಟು ದಿನಕ್ಕೆ ಅನ್ನ ಸರಾಗವಾಗಿ ಇಳಿಯಿತು.

ರಜೆಯ ದಿನ ನೋಡಿಕೊಂಡು ಒಬ್ಬನೇ ಕಾರ್ಖಾನೆಗೆ ಹೋದ. ಕಂಪ್ರೆಸರಿನ ನೀರು ಬಸಿದ, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ. ಬೀರಿನ ಎರಡು ಬಾಗಿಲಿಗೂ ಪುಟ್ಟಿ ತುಂಬುವುದು, ಉಜ್ಜುವುದು, ಹೊಸ ಬಟ್ಟೆಯಲ್ಲಿ ಒರೆಸುವುದು ಎಲ್ಲ ತಾನೇ ಮಾಡಿದ. ಎಷ್ಟೋ ವರ್ಷದ ಮೇಲೆ ಮರಳು ಕಾಗದ ಹಿಡಿದಿದ್ದರಿಂದ ಬೆರಳ ತುದಿ ಉರಿಯತೊಡಗಿತು. ಇದನ್ನು ಆ ಹುಡುಗ ದಿನವಿಡೀ, ಗೊಣಗದೆ, ತಾನು ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಜಾಗ ಬಿಡುತ್ತ ಮಾಡುತ್ತಿದ್ದ ಎಂಬುದು ಅವನಿಗೆ ನೆನಪಾಯಿತು. ಬಣ್ಣವನ್ನು ಎರಡು ಸಲ ಸೋಸಿದ. ಗಾಢ ನೀಲಿ, ಹುಡುಗಿಗೆ ಇಷ್ಟವೆಂದು ಹೆಂಡತಿ ಹೇಳಿದ ಬಣ್ಣ. ಕೊನೆಗೆ ಬಾಟಲಿ ತೆಗೆದು, ಇಂಥ ದಿನಕ್ಕೆ ಕಮ್ಮಿ ಮಾಡಬಾರದೆಂದು ಅಂಗೈ ತುಂಬ ಸುರಿದುಕೊಂಡು ಗನ್ನನ್ನು ತಿಕ್ಕಿದ. ಗನ್ನಿನ ಮೈಯಲ್ಲಿ ಅವನ ಮೂಗು ಉದ್ದವಾಗಿ ಕಂಡಿತು.

ಮೊದಲ ಬಾಗಿಲನ್ನು ಅಂಗೈಯಿಂದ ನೋಡುವುದೊಂದು ಉಳಿದಿತ್ತು. ಎಂದಿನ ಹಾಗೆ ಮೇಲಿನಿಂದ ಕೆಳಗೆ ಸರ್ರನೆ ಆಡಿಸಬೇಕಾದವನು, ಅಂದು ಬಾಗಿಲ ನಡುವೆ ಕೈಯಿಟ್ಟು ಹಾಗೇ ನಿಂತ. ಹುಡುಗ ಮೊದಲ ಸಲ ಕಾರ್ಖಾನೆಗೆ ಬಂದಾಗ ಈ ಬಾಗಿಲಿನ ಮುಕ್ಕಾಲಷ್ಟೇ ಎತ್ತರವಿದ್ದ. ಜಿಡ್ಡಿನ ಮೈ ಎಂದದ್ದು ಕೋಪಕ್ಕೆ ಆಡಿದ ಮಾತು. ಹಿಂತೆಗೆದುಕೊಳ್ಳಲು ಬರದ ಮಾತು. ಯಾರೂ ಇಲ್ಲದಿದ್ದುದರಿಂದ ತುಂತುರಣ್ಣನಿಗೆ ಧೈರ್ಯ ಬಂತು. "ಚೆನ್ನಾಗಿರಪ್ಪ," ಎಂದ ಬಾಗಿಲಿಗೆ. ತಗಡು ಅಂಗೈಯಡಿ ಬೆಚ್ಚಗಾಗುವವರೆಗೆ ಕೈ ತೆಗೆಯಲಿಲ್ಲ.

ಆಮೇಲೆ ಗನ್ನು ಹಿಡಿದು ಹೊಡೆದ. ಜೀವನದಲ್ಲಿ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಗೇಣು ಅಂದರೆ ಗೇಣೇ, ಪಟ್ಟೆಯ ಮೇಲೆ ಪಟ್ಟೆ ಹಾಲಿನ ಕೆನೆಯಂತೆ ಕೂತಿತು. ಬಾಗಿಲು ನೀರು ನಿಂತ ಬಾವಿಯ ಹಾಗೆ ಕಂಡಿತು. ಉಸಿರು ಬಿಡಲೆಂದು ಒಂದು ಹೆಜ್ಜೆ ಹಿಂದೆ ಸರಿದ.

ಆಗ ಬಾಗಿಲ ನಡುವೆ ಒಂದು ಕಣ್ಣು ತೆರೆದುಕೊಂಡಿತು. ಅದರ ಪಕ್ಕ ಇನ್ನೊಂದು, ಅದರ ಮೇಲೊಂದು. ಬಣ್ಣ ಸರಿಯುತ್ತ ಸರಿಯುತ್ತ ಗುಳಿಗಳು ಒಂದಕ್ಕೊಂದು ಸೇರಿದವು. ಮೊದಲು ಅಗಲವಾಗಿ ಒಂದು ಅಂಗೈ ಮೂಡಿತು. ಅದರ ಪಕ್ಕಕ್ಕೆ ಹೆಬ್ಬೆರಳು ಬಂತು. ಮೇಲಕ್ಕೆ ತೋರುಬೆರಳು, ನಡುಬೆರಳು ಎದ್ದವು, ಆಚೆ ಕಿರುಬೆರಳು ಎದ್ದಿತು. ಉಂಗುರದ ಬೆರಳು ಅರ್ಧಕ್ಕೆ ಬಂದು ನಿಂತಿತು.

ತುಂತುರಣ್ಣ ಅದರ ಉಳಿದರ್ಧ ಏಳುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಏಳಲಿಲ್ಲ. ಇಡೀ ಊರಿನಲ್ಲಿ ಅಂಥ ಕೈ ಒಂದೇ ಇತ್ತು, ಅದು ಅವನ ತೋಳಿನ ತುದಿಯಲ್ಲಿತ್ತು. ಗನ್ನನ್ನು ಎಡಗೈಗೆ ಬದಲಿಸಿ ಬಲ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳಿಗೆ ಬೆರಳು ತಿಕ್ಕಿದ, ನುಣ್ಣಗೆ ಜಾರಿತು. ಬಾಟಲಿ ನೋಡಿದ.

ಅವನ ಮೊದಲ ಯೋಚನೆ ಏನೆಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಥಿನ್ನರ್ ಬಟ್ಟೆಗೆ ಕೈ ಹಾಕಿದ. ಬಣ್ಣ ಇನ್ನೂ ಹಸಿ, ಎರಡು ಸಲ ಒರೆಸಿದರೆ ಆ ಕೈ ಹುಟ್ಟೇ ಇರಲಿಲ್ಲ ಎನ್ನುವಂತೆ ಹೋಗುತ್ತಿತ್ತು. ಕೈ ತೊಳೆದುಕೊಂಡು, ಬಾಟಲಿ ಚರಂಡಿಗೆ ಸುರಿದು ಮತ್ತೆ ಹೊಡೆದರೆ ಒಂದೂ ಕಣ್ಣಿಲ್ಲದ ಬಾಗಿಲು ಸಿದ್ಧವಾಗುತ್ತದೆ ಎಂದೂ ಈಗ ಅವನಿಗೆ ಗೊತ್ತಿತ್ತು. ಹೆಂಡತಿ ಒಪ್ಪಿಕೊಳ್ಳುತ್ತಾಳೆ. ತಪ್ಪು ಹುಡುಗನದೇ ಆಗಿ ಉಳಿಯುತ್ತದೆ. ಬಟ್ಟೆ ಎತ್ತಿಕೊಂಡ. ಹುಡುಗ ಅಂದು ಮಡಿಸಿಟ್ಟು ಹೋದ ಬಟ್ಟೆ ಅದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದಾಗ ಅವನು ಆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಬಾಗಿಲ ಮುಂದೆ ನಿಂತಿದ್ದ. ಅವಳು ಡಬ್ಬಿ ಕೆಳಗಿಟ್ಟು ಬಾಗಿಲನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಇದು ಯಾರ ಕೈ ರೀ?"

"ನಂದು," ಎಂದ ತುಂತುರಣ್ಣ.

ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡಳು. "ಊಟ ಮಾಡಿ. ಆಮೇಲೆ ಹೋಗಿ ಕರ್ಕೊಂಡು ಬನ್ನಿ," ಎಂದಳು. ಅವನು ಡಬ್ಬಿ ಮುಚ್ಚಳವನ್ನೂ ತೆಗೆಯದೆ ಸೇತುವೆಯ ಕಡೆ ಹೊರಟ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ. ಭಾಮೈದನ ಕೋಣೆಯ ಬಾಗಿಲು ತೆರೆದುಕೊಂಡಾಗ ಒಂದು ಮಾತೂ ನೆನಪಾಗಲಿಲ್ಲ. ಹುಡುಗನ ತಲೆಯಲ್ಲಿ ಕೂದಲು ಬೆರಳುದ್ದ ಬೆಳೆದಿತ್ತು, ಸುರುಳಿ ಇನ್ನೂ ಬಂದಿರಲಿಲ್ಲ.

"ಒಂದು ಬಾಗಿಲು ನೋಡೋದಿದೆ, ಬಾರೋ," ಎಂದಷ್ಟೇ ಹೇಳಿದ.

ಭಾಮೈದ ಬಂದು ಬಾಗಿಲ ಮುಂದೆ ನಿಂತ. ತನ್ನ ಕೈಯನ್ನು ಆ ಕೈಯ ಹತ್ತಿರ ಹಿಡಿದು ಅಳೆದ. ಉಂಗುರದ ಬೆರಳ ಹತ್ತಿರ ಬಂದಾಗ ಅವನ ಬೆರಳು ಆಚೆ ಉಳಿಯಿತು.

"ನಂಗೊತ್ತಿತ್ತು ಭಾವ," ಎಂದ. "ಸೇತುವೆ ಆಚೆ ಹೋದ ಮಾರನೇ ದಿನಾನೇ ಗೊತ್ತಾಯ್ತು. ಅಲ್ಲಿ ನಾನೇ ಒರೆಸ್ತೀನಿ, ನಾನೇ ಹೊಡಿತೀನಿ, ಕಣ್ಣೇ ಇಲ್ಲ."

"ಮತ್ತೆ ಬಂದು ಹೇಳೋದಲ್ವೇನೋ?"

"ಒಂದು ಸಲ ಹೇಳೋಕೆ ಬಂದೆ. ನೀವು ಗೋಡೆಗೆ ಸುಣ್ಣ ಹೊಡೆಸ್ತಾ ಇದ್ರಿ. ವಾಪಸು ಹೋದೆ."

ಕ್ಷಮಿಸು ಎಂಬ ಮಾತು ತುಂತುರಣ್ಣನ ಬಾಯಲ್ಲಿ ಎಂದೂ ಹೊರಳಿದ್ದಲ್ಲ, ಅಂದೂ ಹೊರಳಲಿಲ್ಲ. ಅದರ ಬದಲು ಎಡಗೈಯಲ್ಲಿ ಗನ್ನನ್ನು ಎತ್ತಿ ಭಾಮೈದನ ಮುಂದೆ ಹಿಡಿದ. "ತಗೋ. ಆ ಇನ್ನೊಂದು ಬಾಗಿಲು ನೀನೇ ಹೊಡಿ," ಎಂದ. ಹೆಂಡತಿ ತಿರುಗಿ ನೋಡಿದಳು. ಮದುವೆಯಾಗಿ ಬಂದಂದಿನಿಂದ ಅವನು ಆ ಗನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದನ್ನು ಅವಳು ಕಂಡಿರಲಿಲ್ಲ.

ಭಾಮೈದ ಅದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಅಕ್ಕನ ಕೈಯಲ್ಲಿದ್ದ ಬಟ್ಟೆಯ ಮಡಿಕೆ ಬಿಚ್ಚಿ, ಥಿನ್ನರಿನಲ್ಲಿ ಅದ್ದಿ, ಅದರಲ್ಲೇ ಗನ್ನನ್ನು ಹಿಡಿದುಕೊಂಡು, ಬಟ್ಟಲಿನಿಂದ ಹಿಡಿಯವರೆಗೆ ಒರೆಸಿದ. ಹೊಳಪೆಲ್ಲ ಹೋಗಿ ಗನ್ನು ಅಡುಗೆಮನೆಯ ಹಳೇ ಪಾತ್ರೆಯ ಬಣ್ಣಕ್ಕೆ ಬಂತು. ತುಂತುರಣ್ಣ ನೋಡುತ್ತ ನಿಂತ. ಆಮೇಲೆ ಭಾಮೈದ ಇನ್ನೊಂದು ಬಾಗಿಲು ಹೊಡೆದ. ಗೇಣು ದೂರ, ಅರ್ಧದ ಮೇಲೆ ಅರ್ಧ, ಭಾವ ಕಲಿಸಿದ ಹಾಗೇ. ಒಂದೂ ಕಣ್ಣು ಏಳಲಿಲ್ಲ.

"ಇದನ್ನೂ ಉಜ್ಜಿ ಹೊಡೆದುಬಿಡು," ಎಂದ ತುಂತುರಣ್ಣ, ಕೈಯಿದ್ದ ಬಾಗಿಲನ್ನು ತೋರಿಸುತ್ತ.

"ಬೇಡ ಭಾವ. ಇದು ಹೀಗೇ ಒಣಗಲಿ."

"ಮನೆಗೆ ಬಂದೋರು ಏನಿದು ಅಂತ ಕೇಳಲ್ವೇನೋ?"

"ಕೇಳಲಿ. ನೀವು ಹೇಳ್ತೀರಂತೆ."

ಹೀಗೆ ಆ ಬೀರು ಒಂದು ಬಾಗಿಲು ನುಣ್ಣಗೆ, ಇನ್ನೊಂದು ಬಾಗಿಲು ನಾಲ್ಕೂವರೆ ಬೆರಳಿನೊಂದಿಗೆ ಭಾಮೈದನ ಹೊಸ ಮನೆ ಸೇರಿತು. ಭಾಮೈದ ಮತ್ತೆ ಭಾವನ ಜೊತೆಗೇ ಕೆಲಸಕ್ಕೆ ಬಂದ. ಕೋಣೆಯಲ್ಲೀಗ ಅಂಗೈ ಆಡಿಸುವ ಪದ್ಧತಿ ಇಲ್ಲ, ಬಟ್ಟೆಯ ಮಾತನ್ನೇ ನಂಬುತ್ತಾರೆ. ಹೆಂಡತಿ ಎಡಗಡೆ ಕೂತು ಬಾಯ್ತುಂಬ ಮಾತಾಡುತ್ತಾಳೆ, ಮುಂಬಾಗಿಲಿನ ಬಣ್ಣದ ವಿಷಯವೂ ಅದರಲ್ಲಿ ದಿನಾ ಬರುತ್ತದೆ.

ಮೊದಮೊದಲು ಭಾಮೈದನ ಮನೆಯಲ್ಲಿ ಯಾರಾದರೂ ಆ ಬಾಗಿಲಿನ ಬಗ್ಗೆ ಕೇಳಿದರೆ, "ನನ್ನ ಕೈ, ತಪ್ಪಾಗಿತ್ತು," ಎಂದಷ್ಟೇ ಹೇಳಿ ತುಂತುರಣ್ಣ ಹೊರಗೆ ಹೋಗಿಬಿಡುತ್ತಿದ್ದ. ಮನುಷ್ಯ ಎಷ್ಟು ದಿನ ಹಾಗಿರಲು ಸಾಧ್ಯ? ವರ್ಷ ಕಳೆಯುವಷ್ಟರಲ್ಲಿ ಕತೆಗೆ ಕಂಪ್ರೆಸರ್ ಸೇರಿತು, ಥಿನ್ನರ್ ಮಾರುವವನು ಸೇರಿದ, ವೆಲ್ಡರಿನ ತಿಂಡಿ ಸೇರಿತು. ಈಗೀಗ ಅವನು ಬೀರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾನೆ.

"ಊರಲ್ಲಿರೋ ಯಾವ ಪೇಂಟರಿಗೂ ಈ ಕಣ್ಣಿನ ಮೂಲ ಗೊತ್ತಿರಲಿಲ್ಲ ನೋಡಿ," ಎಂದು ಶುರು ಮಾಡುತ್ತಾನೆ. "ಕೊನೆಗೆ ಅದನ್ನ ಪತ್ತೆ ಹಚ್ಚಿದ್ದು ಯಾರು ಅಂದ್ಕೊಂಡ್ರಿ?"

ಭಾಮೈದ ಎಣ್ಣೆ ಹಚ್ಚಿ ಬಾಚಿದ ಕೂದಲಿನಲ್ಲಿ ಕೈಯಾಡಿಸಿ, ಹಣೆಯ ಸುರುಳಿಯನ್ನು 'ಇಲ್ಲೇ ಇದೆ ತಾನೇ' ಎನ್ನುವ ಹಾಗೆ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ತುಂತುರಣ್ಣನ ಮಾತು ಅಲ್ಲಿ ಒಂದು ಗಳಿಗೆ ತಡವರಿಸುತ್ತದೆ, ತೊಡೆಯ ಮೇಲಿದ್ದ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.